ತಪ್ಪು ಕಡೆಯ ಕಿಟಕಿ

“ಅಲ್ಲೇ ನಿಲ್ಲಿಸಿ.”

ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಸಂಗ್ರಹಾಲಯದ ನೆಲಮಾಳಿಗೆಯ ಬಿಳಿ ಗೋಡೆಯ ಮೇಲೆ ಒಬ್ಬ ದರ್ಜಿ ಕೂತಿದ್ದ. ತೊಡೆಯ ಮೇಲೆ ಬಟ್ಟೆಯ ರಾಶಿ, ಬೆರಳುಗಳ ನಡುವೆ ಸೂಜಿ, ಬೆನ್ನ ಹಿಂದೆ ಮಂಕು ಹಸಿರು ಗೋಡೆ. ಚಿತ್ರದ ಬಲ ಅಂಚಿನಲ್ಲಿ ಕಿಟಕಿ. ಬೆಳಕು ಅಲ್ಲಿಂದ ಇಳಿದು ಮಡಿಕೆ ಮಡಿಕೆಯಾಗಿ ಅವನ ಮುಖದವರೆಗೆ ಹತ್ತಿತ್ತು.

ವಿಚಾರಣಾಧಿಕಾರಿ ಕೈಯಲ್ಲಿದ್ದ ಹಾಳೆಗೆ ಟಾರ್ಚು ಬಿಟ್ಟಳು. ಅದೇ ದರ್ಜಿ, ಅದೇ ಸೂಜಿ. ಕಪ್ಪು ಬಿಳುಪು. ಕಿಟಕಿ ಎಡಕ್ಕೆ.

“ನಿಮ್ಮ ಗೋಡೆಯಲ್ಲಿ ಬಲಕ್ಕಿದೆ, ನನ್ನ ಹಾಳೆಯಲ್ಲಿ ಎಡಕ್ಕಿದೆ. ಯಾರು ಸರಿ?”

“ನಿಮ್ಮ ಹಾಳೆ,” ಎಂದ ಸ್ಲೈಡುಗಳ ಉಸ್ತುವಾರಿ. ಅವನ ನಿವೃತ್ತಿಗೆ ಎಂಟು ತಿಂಗಳಿತ್ತು. ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. “ಮೂಲ ಚಿತ್ರ ಮೇಲಿನ ಗೋದಾಮಿನಲ್ಲಿದೆ. ಇಪ್ಪತ್ತಾರು ವರ್ಷದಿಂದ ಅದಕ್ಕೆ ಧೂಳು ಹೊಡೀತಾ ಇದ್ದೀನಿ. ಕಿಟಕಿ ಎಡಕ್ಕೇ.”

“ಮತ್ತೆ ಇದು?”

ಅವನು ಸ್ಲೈಡನ್ನು ಹೊರಗೆಳೆದು ಅಂಗೈ ಮೇಲಿಟ್ಟ. ರಟ್ಟಿನ ಚೌಕಟ್ಟಿನ ಮೂಲೆಯಲ್ಲಿ ಮಸೂರ ಕಾಳಿನಷ್ಟು ಕೆಂಪು ಚುಕ್ಕಿ.

“ಈ ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟು ಹಿಡಿದು ಯಂತ್ರಕ್ಕೆ ಹಾಕ್ಬೇಕು. ಕತ್ತಲೆ ಕೋಣೇಲೂ ತಪ್ಪಾಗಲ್ಲ. ಆದ್ರೆ ಈ ಪುಣ್ಯಾತ್ಮ, ಅದೇ ನಮ್ಮ ಹಳೇ ಫೋಟೋಗ್ರಾಫರು, ಚುಕ್ಕೀನ ಹಿಂದಿನ ಮುಖಕ್ಕೆ ಅಂಟಿಸಿದ್ದಾನೆ. ಹೇಳಿದ ಹಾಗೇ ಹಾಕಿದ್ರೂ ಚಿತ್ರ ತಿರುಗಿಯೇ ಬೀಳುತ್ತೆ. ಮೂಲ ನೋಡದವರಿಗೆ ಗೊತ್ತೇ ಆಗಲ್ಲ.”

“ಬೇರೆ ಪ್ರತಿಗಳು?”

“ಎರಡಿವೆ. ಒಂದು, ಪರೀಕ್ಷೆಗೆ ಪ್ರಶ್ನೆ ತೆಗೆದೋರ ಹತ್ರ ಹೋಗಿ ಬಂತು, ಇನ್ನೊಂದು ನಿಮ್ಮ ಮುದ್ರಣಾಲಯಕ್ಕೆ. ಎರಡರಲ್ಲೂ ಚುಕ್ಕಿ ಸರಿಯಾಗಿದೆ. ಬೇಕಾದ್ರೆ ಹಾಕಿ ತೋರಿಸ್ತೀನಿ.”

“ಹಾಕಿ.”

ಅವನು ಹಾಕಿದ. ಎರಡು ಸಲವೂ ಕಿಟಕಿ ಎಡಕ್ಕೆ ಬಿತ್ತು. ಅವಳು ಗಡಿಯಾರ ನೋಡಿ ಟಿಪ್ಪಣಿ ಬರೆದುಕೊಂಡಳು: ಎರಡು ಗಂಟೆ ಐವತ್ತು ನಿಮಿಷ. ಮೂರು ಸ್ಲೈಡು. ತಿರುಗಿದ್ದು ಒಂದೇ.

ಪರೀಕ್ಷಾ ಮಂಡಳಿಯ ಗುಮಾಸ್ತರು ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ. ಬೇಸರವಿದ್ದದ್ದು ಬೇರೆ ಲೆಕ್ಕದ ಮೇಲೆ. ಹನ್ನೊಂದು ವರ್ಷದಲ್ಲಿ ಮೂವತ್ತೊಂದು ನಕಲು ಪ್ರಕರಣಗಳನ್ನು ಮುಗಿಸಿದ್ದಳು. ಮೂವತ್ತೊಂದೂ ಕಡತಗಳ ಕೊನೆಯ ಪುಟದಲ್ಲಿದ್ದದ್ದು ಒಂದೊಂದು ಮಗುವಿನ ಹೆಸರು. ದೊಡ್ಡವರ ಹೆಸರು ಒಂದೂ ಇಲ್ಲ.

ಇದು ಮೂವತ್ತೆರಡನೆಯದು. ಶಾಲಾ ಚಿತ್ರಕಲಾ ಪರೀಕ್ಷೆ ಮುಗಿದು ಇಪ್ಪತ್ತು ದಿನವಾಗಿತ್ತು. ಅದರ ನಾಲ್ಕನೆಯ ಪ್ರಶ್ನೆ ಪ್ರತಿ ವರ್ಷವೂ ಅಪರಿಚಿತ ಚಿತ್ರ. ಯಾವ ಪುಸ್ತಕದಲ್ಲೂ ಅಚ್ಚಾಗದ, ಯಾವ ಪ್ರದರ್ಶನದಲ್ಲೂ ತೂಗುಹಾಕದ ಚಿತ್ರವೊಂದನ್ನು ಬಿಡಿ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡುತ್ತಾರೆ. ಒಂದು ಗಂಟೆ ಅದನ್ನು ನೋಡಿ, ನೋಡಿದ್ದನ್ನು ಬರೆಯಬೇಕು. ಮಂಡಳಿಯ ಮುದ್ರಣಾಲಯದಲ್ಲಿ ಬಣ್ಣದ ಅಚ್ಚಿನ ಯಂತ್ರವಿಲ್ಲದ ಕಾರಣ ಹಾಳೆ ಕಪ್ಪು ಬಿಳುಪು.

ಒಬ್ಬ ಹುಡುಗಿ ಮಾತ್ರ “ದರ್ಜಿಯ ಹಿಂದಿನ ಮಂಕು ಹಸಿರು ಗೋಡೆ” ಎಂದು ಬರೆದಿದ್ದಳು.

ಮೌಲ್ಯಮಾಪಕರು ಆ ಸಾಲಿನ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಕಪ್ಪು ಬಿಳುಪಿನಲ್ಲಿ ಹಸಿರು ಕಂಡವಳು ಚಿತ್ರವನ್ನು ಮೊದಲೇ ನೋಡಿರಬೇಕು. ಮಂಡಳಿಯ ಕಾರ್ಯದರ್ಶಿ ಕಡತವನ್ನು ಭೂತಗನ್ನಡಿಯ ಮೇಜಿಗೆ ಕಳಿಸಿದರು. ಶಿಸ್ತು ಸಮಿತಿ ಇವತ್ತು ಸಂಜೆ ಐದಕ್ಕೆ ಸೇರಲಿತ್ತು. ತಪ್ಪು ಸಾಬೀತಾದರೆ ಹುಡುಗಿಯ ಫಲಿತಾಂಶ ರದ್ದು, ಮೂರು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ. ಕಲಾ ಕಾಲೇಜಿನ ಪ್ರವೇಶ ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದ ಅವಳ ಹೆಸರು ನಾಳೆ ಬೆಳಿಗ್ಗೆ ಅಲ್ಲಿರುವುದಿಲ್ಲ.

ಹಸಿರಿನ ಗದ್ದಲದಲ್ಲಿ ಇನ್ನೊಂದು ಸಾಲನ್ನು ಯಾರೂ ಗಮನಿಸಿರಲಿಲ್ಲ. “ಬೆಳಕು ಬಲಗಡೆಯ ಕಿಟಕಿಯಿಂದ ಬರುತ್ತದೆ.”

“ಈ ತಿರುಗಿದ ಸ್ಲೈಡು ಯಾವ ಪೆಟ್ಟಿಗೇಲಿತ್ತು?”

“ಶಾಲೆಗಳಿಗೆ ಎರವಲು ಕೊಡೋ ಪೆಟ್ಟಿಗೆ. ‘ಬಟ್ಟೆಯ ಮಡಿಕೆಗಳು’ ಅಂತ. ನಲವತ್ತು ಸ್ಲೈಡು. ಮಡಿಕೆ ಚೆನ್ನಾಗಿದೆ ಅಂತ ಯಾರೋ ಇದನ್ನೂ ಅದರೊಳಗೆ ಸೇರಿಸಿದ್ದಾರೆ. ಪ್ರಶ್ನೆ ತೆಗೆದೋರಿಗೆ ಇದು ಗೊತ್ತೇ ಇಲ್ಲ. ಗೋದಾಮಿನಲ್ಲಿರೋ ಚಿತ್ರ, ಯಾರೂ ನೋಡಿರಲ್ಲ ಅಂದ್ಕೊಂಡ್ರು.”

“ಪೆಟ್ಟಿಗೆ ತಗೊಂಡು ಹೋದೋರು?”

ಉಸ್ತುವಾರಿ ಎರವಲು ಪುಸ್ತಕ ತೆರೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. ಈ ವರ್ಷ ಪೆಟ್ಟಿಗೆ ಹೊರಗೆ ಹೋದದ್ದು ಒಂದೇ ಸಲ. ಪರೀಕ್ಷೆಗೆ ಐದು ವಾರ ಮುಂಚೆ, ನಾಲ್ಕು ದಿನಕ್ಕೆ. ಎದುರಿಗೆ ದುಂಡು ದುಂಡಾದ, ನೋಡಿದರೆ ಕಣ್ಣಿಗೆ ಹಿತವಾಗುವ ಒಂದು ಸಹಿ.

“ಎಷ್ಟು ಚಂದದ ಅಕ್ಷರ ನೋಡಿ,” ಎಂದ ಅವನು. “ಚಿತ್ರದ ಮೇಷ್ಟ್ರಲ್ವಾ.”

*

ಶಾಲೆಯ ವರಾಂಡದಲ್ಲಿ ಮುಂದಿನ ವರ್ಷ ಪರೀಕ್ಷೆಗೆ ಕೂರುವ ಮಕ್ಕಳು ಗೋಡೆಗೆ ಒರಗಿ ಉರು ಹೊಡೆಯುತ್ತಿದ್ದರು. “ರಚನೆ, ಬೆಳಕು, ಬಣ್ಣ, ಭಾವ. ರಚನೆ, ಬೆಳಕು, ಬಣ್ಣ, ಭಾವ.” ಒಬ್ಬಳು ನಡುವೆ ಆಕಳಿಸಿ, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು. ನೋಡುವುದನ್ನು ಕಲಿಸಬೇಕಾದ ವಿಷಯಕ್ಕೂ ಕಣ್ಣು ಮುಚ್ಚಿಕೊಂಡೇ ತಯಾರಿ.

ಸ್ಲೈಡು ಕೋಣೆಯ ಹೊರಗಿನ ಬೆಂಚಿನ ಮೇಲೆ ಹುಡುಗಿ ಕೂತಿದ್ದಳು. ನಾಲ್ಕು ಗಂಟೆಗೆ ಬರಹೇಳಿದ್ದರೂ ಅರ್ಧ ಗಂಟೆ ಮೊದಲೇ ಬಂದಿದ್ದಳು. ತರಗತಿಯವರು ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಮೊದಲು ಪ್ರೀತಿಗೆ, ಈಗ ಬೇರೆ ದನಿಯಲ್ಲಿ. ಎರಡು ವಿಚಾರಣೆಗಳಲ್ಲೂ ಅವಳ ಬಾಯಿಂದ ಬಂದದ್ದು ಒಂದೇ ಮಾತು: ನಾನು ಆ ಚಿತ್ರ ಮೊದಲು ನೋಡಿಲ್ಲ.

“ಊಟ ಆಯ್ತಾ?” ಎಂದು ಕೇಳಿದಳು ಭೂತಗನ್ನಡಿ.

“ಹಸಿವಿಲ್ಲ ಮೇಡಂ.”

“ಅಮ್ಮ ಬರಲಿಲ್ವಾ?”

“ಅಮ್ಮ ನನ್ನ ಹತ್ರ ಮಾತು ಬಿಟ್ಟು ಹತ್ತು ದಿನ ಆಯ್ತು. ತಟ್ಟೆ ಇಡ್ತಾರೆ, ಮುಖ ತಿರುಗಿಸ್ತಾರೆ.” ಹುಡುಗಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಇವತ್ತೇ ಕೊನೇನಾ ಮೇಡಂ?”

“ಐದು ಗಂಟೆಗೆ. ನೀನು ಇಲ್ಲೇ ಕೂತಿರು. ಎದ್ದು ಹೋಗಬೇಡ.”

ಒಳಗೆ ಎಣ್ಣೆ ಬಣ್ಣದ ವಾಸನೆ. ಕಿಟಕಿಗೆ ಕಪ್ಪು ಬಟ್ಟೆ. ಕಪಾಟಿನ ಮೇಲೆ ಸುಣ್ಣದ ಅಚ್ಚಿನ ನಾಲ್ಕು ತಲೆಗಳು; ಅದರಲ್ಲಿ ಮೂರಕ್ಕೆ ಮೂಗಿರಲಿಲ್ಲ. ಚಿತ್ರದ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಕುಂಚ ತೊಳೆಯುತ್ತಿದ್ದರು. ಐವತ್ತೇಳು ವರ್ಷ, ತೆಳ್ಳಗೆ, ಅಂಗಿಯ ತೋಳಿನಲ್ಲಿ ಹಳೆಯ ನೀಲಿ ಕಲೆ. ಈ ಶಾಲೆಗೆ ಚಿತ್ರಕಲಾ ವಿಭಾಗ ಬಂದದ್ದೇ ಅವರಿಂದ. ಹತ್ತೊಂಬತ್ತು ಮಕ್ಕಳಿಗಿಂತ ಕಡಿಮೆಯಾದರೆ ಅದನ್ನು ಮುಚ್ಚುವುದಾಗಿ ಆಡಳಿತ ಮಂಡಳಿ ಎರಡು ವರ್ಷದಿಂದ ಹೇಳುತ್ತಿತ್ತು.

“ಬನ್ನಿ ಮೇಡಂ. ಬಾಗಿಲು ಹಾಕ್ಕೊಳ್ಳಿ.”

“ಇರಲಿ ಬಿಡಿ, ಸೆಕೆ,” ಎಂದು ಅವಳು ಬಾಗಿಲನ್ನು ಅಂಗೈ ಅಗಲ ತೆರೆದೇ ಬಿಟ್ಟಳು.

ಸ್ಲೈಡನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

“ನಮ್ಮ ಗುಬ್ಬಿ ವಿಷಯ ತಾನೆ? ಏನು ಹೇಳಲಿ. ಕೈ ಚೆನ್ನಾಗಿತ್ತು, ಕಣ್ಣೂ ಚೆನ್ನಾಗಿತ್ತು. ಹೀಗೆ ಮಾಡ್ತಾಳೆ ಅಂತ ಯಾರು ಅಂದ್ಕೊಂಡಿದ್ರು?”

“‘ಬಟ್ಟೆಯ ಮಡಿಕೆಗಳು’ ಪೆಟ್ಟಿಗೆ ನೀವು ತಂದಿದ್ರಿ.”

“ತಂದಿದ್ದೆ. ಪುನರಾವರ್ತನೆ ತರಗತಿಗೆ. ಅದರಲ್ಲೇನು ತಪ್ಪು?”

“ಅದರಲ್ಲಿ ಈ ದರ್ಜಿ ಇದ್ದ.”

“ನಲವತ್ತು ಸ್ಲೈಡಿತ್ತು ಮೇಡಂ. ಒಂದು ಪೀರಿಯಡ್ಡಿನಲ್ಲಿ ನಲವತ್ತೂ ತೋರಿಸೋಕಾಗುತ್ತಾ? ಹತ್ತು ಹನ್ನೆರಡು ತೋರಿಸಿರ್ತೀನಿ.”

“ಇದನ್ನ ತೋರಿಸಲಿಲ್ಲ?”

“ನೆನಪಿಲ್ಲ.”

“ಮಕ್ಕಳನ್ನೂ ಕೇಳಿದೆ. ಹದಿನೆಂಟು ಜನಕ್ಕೂ ನೆನಪಿಲ್ಲ. ಹದಿನೆಂಟು ಜನಾನೂ ಒಂದೇ ಥರ ಹೇಳಿದ್ರು, ‘ಆ ಸ್ಲೈಡು ನಾವು ನೋಡಿಲ್ಲ ಮೇಡಂ’ ಅಂತ. ನಾನು ಸ್ಲೈಡು ಅಂತ ಹೇಳಿಯೇ ಇರಲಿಲ್ಲ. ಚಿತ್ರ ಅಂತ ಕೇಳಿದ್ದೆ.”

ಮೇಷ್ಟ್ರು ಕುಂಚವನ್ನು ಬಟ್ಟೆಗೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಮಕ್ಕಳಲ್ವಾ. ಬಾಯಿಗೆ ಬಂದದ್ದು ಹೇಳ್ತಾರೆ.”

“ಹೌದು. ಬರೆಯೋದೂ ಹಾಗೇ.” ಅವಳು ಚೀಲದಿಂದ ಕಾಗದವೊಂದನ್ನು ತೆಗೆದಳು. “ನಿನ್ನೆ ನಿಮ್ಮ ಶಾಲೆಯ ಹತ್ತೊಂಬತ್ತೂ ಉತ್ತರಗಳನ್ನ ಓದಿದೆ. ಅದರಲ್ಲಿ ಹನ್ನೊಂದರಲ್ಲಿ ಒಂದೇ ವಾಕ್ಯ ಇದೆ. ಓದ್ತೀನಿ, ಕೇಳಿ. ‘ಬಟ್ಟೆಯ ಮಡಿಕೆಗಳು ಮೆಟ್ಟಿಲುಗಳ ಹಾಗೆ ನಮ್ಮ ಕಣ್ಣನ್ನು ದರ್ಜಿಯ ಮುಖದವರೆಗೆ ಹತ್ತಿಸುತ್ತವೆ.’ ಯಾರೂ ನೋಡಿರದ ಚಿತ್ರದ ಮುಂದೆ ಹನ್ನೊಂದು ಮಕ್ಕಳಿಗೆ ಒಂದೇ ಹೋಲಿಕೆ ಹೊಳೆಯಿತಾ ಮೇಷ್ಟ್ರೇ? ಬೇರೆ ಶಾಲೆಯ ಒಂದು ಉತ್ತರದಲ್ಲೂ ಈ ಮೆಟ್ಟಿಲು ಇಲ್ಲ.”

ಹೊರಗೆ ಉರು ಹೊಡೆಯುವ ದನಿ ಮುಂದುವರಿದಿತ್ತು. ಬೆಳಕು, ಬಣ್ಣ, ಭಾವ.

“ಒಳ್ಳೇ ವಾಕ್ಯ,” ಎಂದಳು ಭೂತಗನ್ನಡಿ. “ಮಕ್ಕಳ ವಾಕ್ಯ ಅಲ್ಲ. ಮೂವತ್ತು ವರ್ಷ ಚಿತ್ರ ನೋಡಿದೋರ ವಾಕ್ಯ.”

ಮೇಷ್ಟ್ರು ಕುಂಚವನ್ನು ಲೋಟದೊಳಗೆ ಇಳಿಬಿಟ್ಟರು. ಅವರ ಭುಜಗಳು ಒಂದಿಷ್ಟು ಕುಸಿದವು.

“ತೋರಿಸಿದ್ದೆ,” ಎಂದರು. “ಕೊನೆಗೆ ಉಳಿಸಿಕೊಂಡು ತೋರಿಸಿದ್ದೆ. ಅಷ್ಟು ಒಳ್ಳೇ ಸ್ಲೈಡು. ಇಪ್ಪತ್ತು ನಿಮಿಷ ಮಾತಾಡಿದೆ ಅದರ ಮೇಲೆ. ನನಗೇನು ಕನಸು ಬಿದ್ದಿತ್ತಾ ಅದೇ ಪರೀಕ್ಷೆಗೆ ಬರುತ್ತೆ ಅಂತ?”

“ಇಲ್ಲ. ಅದನ್ನ ನಾನು ನಂಬ್ತೀನಿ. ಗೊತ್ತಾದದ್ದು ಯಾವಾಗ?”

“ಪರೀಕ್ಷೆ ಮುಗಿದ ಮೇಲೆ. ಮಕ್ಕಳು ಕುಣೀತಾ ಬಂದ್ರು, ಸರ್ ನಮ್ಮ ದರ್ಜಿ ಬಂದ ಅಂತ.”

“ನಿಯಮ ಏನು ಹೇಳುತ್ತೆ?”

“ನನಗೆ ನಿಯಮ ಹೇಳ್ಕೊಡಬೇಡಿ. ಇಪ್ಪತ್ತನಾಲ್ಕು ಗಂಟೇಲಿ ಮಂಡಳಿಗೆ ತಿಳಿಸಬೇಕು. ತಿಳಿಸಿದ್ರೆ ಈ ಕೇಂದ್ರದ ಪರೀಕ್ಷೆ ರದ್ದು. ಮರುಪರೀಕ್ಷೆ ಆರು ತಿಂಗಳ ಮೇಲೆ. ಅಷ್ಟರೊಳಗೆ ಕಲಾ ಕಾಲೇಜಿನ ಪ್ರವೇಶ ಮುಗಿದಿರುತ್ತೆ. ಈ ಕೋಣೆಗೂ ಬೀಗ ಬಿದ್ದಿರುತ್ತೆ.” ದನಿ ಏರಿತ್ತು, ಬಾಗಿಲ ಕಡೆ ನೋಡಿ ತಗ್ಗಿಸಿದರು. “ಮಕ್ಕಳನ್ನ ಕರೆದು ಹೇಳಿದೆ, ಆ ಸ್ಲೈಡು ನಾವು ನೋಡಿಲ್ಲ ಅಂತ. ಅಷ್ಟೇ ನಾನು ಮಾಡಿದ್ದು.”

“ಗುಬ್ಬಿ ಸಿಕ್ಕಿಬಿದ್ದ ಮೇಲೂ ಸುಮ್ಮನಿದ್ರಿ.”

“ಅದು ಬೇರೆ ವಿಷಯ.”

“ಬೇರೆ ಹೇಗೆ? ನಿಮ್ಮ ಸ್ಲೈಡು ಹಸಿರು. ನಿಮ್ಮ ಸ್ಲೈಡು ತಿರುಗಿದ್ದು. ಅವಳು ಹಸಿರು ಅಂತ ಬರೆದಳು, ಕಿಟಕಿ ಬಲಕ್ಕೆ ಅಂತ ಬರೆದಳು. ಅವಳು ನೋಡಿದ್ದು ಈ ಕೋಣೇಲಿ, ನೀವು ತೋರಿಸಿದ್ದನ್ನ. ಅದು ಕಳ್ಳತನ ಅಲ್ಲ, ಪಾಠ. ಇದನ್ನ ಬರೆದು ಸಹಿ ಹಾಕಿ ಕೊಡಿ. ನಾನು ಐದಕ್ಕೆ ಸಮಿತಿ ಮುಂದೆ ಇಡ್ತೀನಿ.”

ಮೇಷ್ಟ್ರು ನಕ್ಕರು. ಕಣ್ಣು ನಗಲಿಲ್ಲ. ಎದ್ದು ಕಪಾಟಿನಿಂದ ಹಾಜರಿ ಪುಸ್ತಕ ತಂದು, ಪುಟ ತೆರೆದು ಅವಳ ಮುಂದೆ ತಳ್ಳಿದರು.

“ನೀವು ಭೂತಗನ್ನಡಿ ಅಂತೆ. ನೋಡಿ.”

ಅವಳು ನೋಡಿದಳು. ಸ್ಲೈಡು ತರಗತಿಯ ದಿನ ಹದಿನೆಂಟು ಹಾಜರಿ. ಗುಬ್ಬಿಯ ಹೆಸರಿನ ಎದುರು ಗೈರು. ಅದರ ಹಿಂದಿನ ದಿನ ಗೈರು, ಮುಂದಿನ ದಿನವೂ ಗೈರು. ಪಕ್ಕದಲ್ಲಿ ಪಿನ್ನು ಚುಚ್ಚಿದ ಚೀಟಿ, ಅಮ್ಮನ ಕೈಬರಹ: ಮಗಳಿಗೆ ಜ್ವರ.

ಎರಡು ಗಂಟೆ ಐವತ್ತು ನಿಮಿಷಕ್ಕೆ ಕಟ್ಟಿದ್ದ ವಾದ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬುಡಮೇಲಾಯಿತು. ಚಿತ್ರ ನೋಡಿದ್ದ ಹದಿನೆಂಟು ಮಕ್ಕಳು ಕಿಟಕಿಯನ್ನು ಸರಿಯಾದ ಕಡೆ ಬರೆದಿದ್ದರು. ನೋಡದಿದ್ದ ಒಬ್ಬಳು ತಪ್ಪು ಕಡೆ ಬರೆದಿದ್ದಳು.

“ಅವಳು ನನ್ನ ತರಗತೀಲಿ ನೋಡಿಲ್ಲ,” ಎಂದರು ಮೇಷ್ಟ್ರು. “ಅಂದ್ರೆ ಬೇರೆ ಎಲ್ಲೋ ಕದ್ದು ನೋಡಿದ್ದಾಳೆ. ಸಂಗ್ರಹಾಲಯದಲ್ಲೋ, ಇನ್ನೆಲ್ಲೋ. ನನ್ನ ಹದಿನೆಂಟು ಮಕ್ಕಳು ಗೊತ್ತಿಲ್ಲದೆ ಸಿಕ್ಕಿಕೊಂಡೋರು. ಅವಳು ಕಳ್ಳಿ. ಕಳ್ಳಿಗೋಸ್ಕರ ನಾನು ಹದಿನೆಂಟು ಜನರ ಕುತ್ತಿಗೆ ಕೊಯ್ಯಬೇಕಾ?”

ಬಾಗಿಲು ಕಿರ್ರೆಂದಿತು.

ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು. ಬ್ಯಾಗು ಎದೆಗವಚಿಕೊಂಡಿದ್ದಳು. ಅಳುತ್ತಿರಲಿಲ್ಲ. ಅಳು ಹತ್ತು ದಿನದ ಹಿಂದೆಯೇ ಮುಗಿದಂತಿತ್ತು.

“ಕಳ್ಳಿ ಅಂದ್ರಾ ಸರ್?”

“ನೀನು ಹೊರಗೆ ಕೂತ್ಕೋ ಪುಟ್ಟ. ದೊಡ್ಡೋರು ಮಾತಾಡ್ತಿದ್ದೀವಿ.”

“ಅವತ್ತೂ ಪುಟ್ಟ ಅಂದ್ರಿ. ಮನೆಗೆ ಬಂದ್ರಲ್ಲ, ಫಲಿತಾಂಶ ತಡೆ ಹಿಡಿದ ದಿನ. ‘ಪುಟ್ಟ, ನೀನು ಏನೂ ಹೇಳಬೇಡ, ನಾನು ಎಲ್ಲಾ ಸರಿಮಾಡ್ತೀನಿ’ ಅಂದ್ರಿ. ನಮ್ಮ ಮನೆ ಕುರ್ಚಿ ಮೇಲೆ ಕೂತು ನೀರು ಕುಡಿದು ಹೇಳಿದ್ರಿ.”

ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿದರು.

ಭೂತಗನ್ನಡಿ ಸ್ಟೂಲೊಂದನ್ನು ಹುಡುಗಿಯ ಕಡೆ ಸರಿಸಿದಳು. ಅವಳು ಕೂರಲಿಲ್ಲ.

“ನೋಡದ ಚಿತ್ರದ ಬಗ್ಗೆ ಹೇಗೆ ಬರೆದೆ?”

ಹುಡುಗಿ ಬ್ಯಾಗಿನಿಂದ ನೋಟುಬುಕ್ಕು ತೆಗೆದು ಒಂದು ಪುಟ ಬಿಡಿಸಿದಳು. ಮೇಲೆ ಶೀರ್ಷಿಕೆ: ಕಿಟಕಿ ಬಳಿಯ ದರ್ಜಿ. ಕೆಳಗೆ ನಾಲ್ಕು ಉಪಶೀರ್ಷಿಕೆ. ಬೆಳಕು ಎಂಬುದರ ಕೆಳಗೆ, ಬಲಗಡೆಯ ಕಿಟಕಿಯಿಂದ. ಬಣ್ಣ ಎಂಬುದರ ಕೆಳಗೆ, ಮಂಕು ಹಸಿರು ಗೋಡೆ. ಮೆಟ್ಟಿಲುಗಳ ಹಾಗೆ ಹತ್ತುವ ಮಡಿಕೆಗಳೂ ಅಲ್ಲಿದ್ದವು.

“ಜ್ವರ ಬಿಟ್ಟ ಮೇಲೆ ಒಬ್ಬರ ನೋಟ್ಸು ನೋಡಿ ಬರ್ಕೊಂಡೆ. ಯಾರದು ಅಂತ ಕೇಳಬೇಡಿ, ಹೇಳಲ್ಲ. ಪೆಟ್ಟಿಗೆಯ ಹನ್ನೆರಡು ಚಿತ್ರದ್ದೂ ಬರ್ಕೊಂಡೆ. ಹನ್ನೆರಡೂ ಬಾಯಿಪಾಠ ಮಾಡಿದೆ. ಒಂದೂ ನೋಡಿರಲಿಲ್ಲ.”

ಭೂತಗನ್ನಡಿಗೆ ಒಂದು ಕಡೆ ನಿರಾಳವಾಯಿತು, ಇನ್ನೊಂದು ಕಡೆ ಸಿಟ್ಟು ಬಂತು. ಕಣ್ಣಿಗೆ ಬೀಳದ ಹನ್ನೆರಡು ಚಿತ್ರಗಳನ್ನು ಬಾಯಿಪಾಠ ಮಾಡುವ ಮಗುವನ್ನು ಯಾವ ಶಾಲೆ ತಯಾರು ಮಾಡಿತು? ಆ ಪ್ರಶ್ನೆಗೆ ಸಮಿತಿಯಲ್ಲಿ ಜಾಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಜಾಗವಿದ್ದ ಪ್ರಶ್ನೆ ಬೇರೆ.

“ಸರಿ. ಆದ್ರೆ ಪರೀಕ್ಷೇಲಿ ಹಾಳೆ ಎದುರಿಗೇ ಇತ್ತು. ಕಿಟಕಿ ಎಡಕ್ಕಿದೆ ಅಂತ ಕಾಣ್ತಿತ್ತು. ಅದನ್ನ ನೋಡಿ ಬರೀಬಾರದಿತ್ತಾ? ಸಮಿತಿಯವರು ಮೊದಲು ಕೇಳೋದೇ ಇದನ್ನ.”

“ನನ್ನ ಎದುರಿಗೆ ಹಾಳೆ ಇರಲಿಲ್ಲ ಮೇಡಂ.”

“ಇರಲಿಲ್ಲ ಅಂದ್ರೆ?”

“ಗಂಟೆ ಹೊಡೆದ ಮೇಲೆ ಹಾಳೆ ತಿರುಗಿಸಿದೆ. ನನ್ನ ಹಾಳೇಲಿ ಅಚ್ಚಿನ ಮಸಿ ಚೆಲ್ಲಿ ಮೇಲಿನ ಅರ್ಧ ಪೂರ್ತಿ ಕಪ್ಪು. ಕಿಟಕಿ ಇಲ್ಲ, ಮುಖ ಇಲ್ಲ, ಏನೂ ಇಲ್ಲ. ಕೆಳಗೆ ಬಟ್ಟೆ ಒಂದೇ ಕಾಣ್ತಿತ್ತು. ಕೈ ಎತ್ತಿದೆ. ಮೇಲ್ವಿಚಾರಕರು ಹೊರಗೆ ಹೋಗಿದ್ರು, ಅವರ ಬದಲು ಹತ್ತು ನಿಮಿಷ ಬಾಗಿಲಲ್ಲಿ ಬೇರೆಯೋರು ನಿಂತಿದ್ರು. ಅವರು ಬಂದು ಹಾಳೆ ತಗೊಂಡ್ರು. ‘ಬೇರೆ ತಂದ್ಕೊಡ್ತೀನಿ, ಅಲ್ಲಿವರೆಗೆ ಉಳಿದ ಪ್ರಶ್ನೆ ಬರಿ’ ಅಂದ್ರು. ನಾನು ಬರೆದೆ. ಕಾದೆ. ಮೇಲ್ವಿಚಾರಕರು ವಾಪಸ್ ಬಂದ ಮೇಲೆ ಎರಡು ಸಲ ಕೇಳಿದೆ. ‘ತರ್ತಾರೆ ತಾಳಮ್ಮ’ ಅಂದ್ರು. ಕೊನೇ ಇಪ್ಪತ್ತು ನಿಮಿಷ ಉಳೀತು. ಪ್ರಶ್ನೆಪತ್ರಿಕೇಲಿ ಚಿತ್ರದ ಹೆಸರಿತ್ತು. ಆ ಹೆಸರು ನನ್ನ ನೋಟ್ಸಿನಲ್ಲಿತ್ತು. ಬಿಟ್ಟು ಬರೋದಾ, ನೆನಪಿದ್ದದ್ದು ಬರೆಯೋದಾ? ಬರೆದೆ.”

“ಇದನ್ನ ಎರಡು ವಿಚಾರಣೇಲೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಯಾರು ಹಾಳೆ ತಗೊಂಡ್ರು ಅಂತ ಕೇಳ್ತಿದ್ರಿ.”

ಭೂತಗನ್ನಡಿ ಕೇಳಲಿಲ್ಲ. ಪರೀಕ್ಷೆ ನಡೆಯುವಾಗ ಆ ವಿಷಯದ ಮೇಷ್ಟ್ರು ಕೊಠಡಿಯ ಹತ್ತಿರ ಸುಳಿಯಕೂಡದು ಎಂಬುದು ನಿಯಮದ ಮೊದಲ ಸಾಲು. ಅವಳು ತಿರುಗಿ ಮೇಷ್ಟ್ರನ್ನು ನೋಡಿದಳು.

ಅವರು ತಮ್ಮ ತೋಳಿನ ನೀಲಿ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

“ತಂದ್ಕೊಡ್ತೀನಿ ಅಂದೋರು ನೀವು ಸರ್,” ಎಂದಳು ಹುಡುಗಿ. ದನಿ ಒಂದಿಷ್ಟೂ ಏರಲಿಲ್ಲ. “ಎಲ್ಲಿ ಹೋದ್ರಿ?”

ವರಾಂಡದ ಮಕ್ಕಳು ಮನೆಗೆ ಹೊರಟಿದ್ದರು. ಓಡುವ ಸದ್ದು ದೂರವಾಯಿತು.

“ಕಾರಿಡಾರಿನಲ್ಲಿ ಹಾಳೆ ನೋಡಿದೆ,” ಎಂದರು ಮೇಷ್ಟ್ರು ಕೊನೆಗೆ. “ಬಟ್ಟೆ ಒಂದೇ ಕಾಣ್ತಿತ್ತು. ಸಾಕಾಗಿತ್ತು. ಆ ಮಡಿಕೆ ನನಗೆ ಗೊತ್ತಾಗದೆ ಇರುತ್ತಾ?”

“ಅಂದ್ರೆ ಪರೀಕ್ಷೆ ಮುಗಿದ ಮೇಲೆ ಗೊತ್ತಾಯ್ತು ಅಂದದ್ದು ಸುಳ್ಳು.”

“ಸುಳ್ಳು.”

“ಅವಳು ಕದ್ದು ನೋಡಿದ್ದಾಳೆ ಅಂದದ್ದು?”

ಅವರು ಹುಡುಗಿಯ ಕಡೆ ನೋಡದೆ ತಲೆ ಆಡಿಸಿದರು. “ಸುಳ್ಳು. ನೋಟ್ಸು ಗೊತ್ತಿರಲಿಲ್ಲ. ಹಾಳೆ ಇಲ್ಲದೆ ಬರೆದಿದ್ದಾಳೆ ಅನ್ನೋದು ಗೊತ್ತಿತ್ತು.”

“ಹಾಳೆ ಹಿಡ್ಕೊಂಡು ಎಲ್ಲಿ ಹೋದ್ರಿ?”

“ನನಗೆ ಈ ಹುಡುಗಿ ಮರೆತೇಹೋದಳು ಮೇಡಂ. ದೇವರಾಣೆಗೂ ಮರೆತೇಹೋದಳು. ನೇರ ಗೇಟು ದಾಟಿ ಮಂಡಳಿ ಕಚೇರಿಗೆ ಹೋದೆ. ಹನ್ನೊಂದೂವರೆ ಇರಬೇಕು, ಇನ್ನೂ ಪರೀಕ್ಷೆ ನಡೀತಿತ್ತು. ಈ ಚಿತ್ರ ನನ್ನ ಮಕ್ಕಳು ನೋಡಿದ್ದಾರೆ, ಈ ಪ್ರಶ್ನೆ ಕೈಬಿಡಿ ಅಂತ ನಿಮ್ಮ ಕಾರ್ಯದರ್ಶಿಗಳಿಗೆ ಹೇಳಿದೆ. ಹಾಳೆ ಅವರ ಕೈಗೇ ಕೊಟ್ಟೆ.”

ಭೂತಗನ್ನಡಿಯ ಪೆನ್ನು ನಿಂತಿತು. “ಯಾರ ಕೈಗೆ?”

“ಕಾರ್ಯದರ್ಶಿಗಳ ಕೈಗೆ. ಅವರು ಹಾಳೆ ಮಡಚಿ ಡ್ರಾಯರಿಗೆ ಹಾಕಿದ್ರು. ‘ಎಲ್ಲಾ ಕೇಂದ್ರಗಳಲ್ಲೂ ಪ್ರಶ್ನೆ ರದ್ದು ಮಾಡಿದ್ರೆ ಪತ್ರಿಕೆಯೋರು ನನ್ನನ್ನ ಹರಿದು ತಿಂತಾರೆ. ಮನೆಗೆ ಹೋಗಿ ಮಲಗಿ. ಬಾಯಿ ಬಿಟ್ರೆ ಹತ್ತೊಂಬತ್ತೂ ಮಕ್ಕಳು ಹೋಗ್ತಾರೆ’ ಅಂದ್ರು. ಆಮೇಲೆ ಇವಳ ಉತ್ತರ ಸಿಕ್ಕಿಬಿತ್ತು. ‘ಒಬ್ಬಳಲ್ಲಿ ಮುಗಿಯುತ್ತೆ, ಸುಮ್ಮನಿರಿ’ ಅಂತ ಹೇಳಿಕಳಿಸಿದ್ರು.”

“ನೀವು ಸುಮ್ಮನಿದ್ರಿ.”

“ಸುಮ್ಮನಿದ್ದೆ.”

ಹುಡುಗಿ ಮೇಜಿನ ಮೇಲಿದ್ದ ಸ್ಲೈಡನ್ನು ಎತ್ತಿ, ಕಪ್ಪು ಬಟ್ಟೆಯ ಸಂದಿನಿಂದ ಬರುತ್ತಿದ್ದ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿದಳು. ತನ್ನ ಮೂರು ವರ್ಷ ನುಂಗಲು ಹೊರಟಿದ್ದ ದರ್ಜಿಯನ್ನು ಅವಳು ನೋಡಿದ್ದು ಅದೇ ಮೊದಲು.

“ಚೆನ್ನಾಗಿದೆ,” ಎಂದಳು.

ಭೂತಗನ್ನಡಿ ಬಿಳಿ ಹಾಳೆಯೊಂದನ್ನು ಮೇಷ್ಟ್ರ ಮುಂದಿಟ್ಟು ಪೆನ್ನು ಕೊಟ್ಟಳು. “ಬರೀರಿ. ಈಗ ಹೇಳಿದ್ದೆಲ್ಲ. ಹನ್ನೊಂದೂವರೆ, ಡ್ರಾಯರು, ಯಾರು ಏನಂದ್ರು ಎಲ್ಲ.”

“ಬರೆದ್ರೆ ಹದಿನೆಂಟು ಮಕ್ಕಳು...”

“ಅದನ್ನ ಇಪ್ಪತ್ತು ದಿನ ತೂಗಿದ್ದೀರಲ್ಲ. ಸಾಕು, ಬರೀರಿ.”

ಅವರು ಬರೆಯತೊಡಗಿದರು. ಅದೇ ದುಂಡು ಅಕ್ಷರ. ಎರಡನೆಯ ಸಾಲಿಗೆ ಬಂದಿದ್ದರು. ಶಾಲೆಯ ಗುಮಾಸ್ತೆ ಬಾಗಿಲಲ್ಲಿ ಇಣುಕಿದಳು.

“ಮೇಡಂ, ನಿಮಗೆ ಮಂಡಳಿಯಿಂದ ಫೋನು. ಕಾರ್ಯದರ್ಶಿಗಳೇ ಲೈನಿನಲ್ಲಿದ್ದಾರೆ.”

ಕಚೇರಿ ಕೋಣೆ ಎದುರಿಗೇ ಇತ್ತು. ರಿಸೀವರು ಕಿವಿಗಿಟ್ಟಾಗ ಆ ಕಡೆ ಕುರ್ಚಿಗಳ ಸದ್ದು, ಯಾರೋ ಕೆಮ್ಮುವ ಸದ್ದು ಕೇಳಿಸಿತು.

“ಏನಮ್ಮಾ, ಬಿಸಿಲಲ್ಲಿ ಓಡಾಡ್ತಾ ಇದ್ದೀರಂತೆ.” ಕಾರ್ಯದರ್ಶಿಯ ದನಿ ಎಂದಿನ ಹಾಗೆ ಮೆತ್ತಗಿತ್ತು. “ಸಮಿತಿಯೋರು ಬೇಗ ಬಂದ್ಬಿಟ್ರು. ನಾಲ್ಕೂವರೆಗೇ ಮುಗಿಸಿಬಿಡೋಣ ಅಂತಿದ್ದಾರೆ. ನೀವು ಬರೋತನಕ ಯಾಕೆ ಕಾಯೋದು? ಹುಡುಗಿ ತಪ್ಪು ಮಾಡಿದ್ದಾಳೆ ಅಂತ ಫೋನಿನಲ್ಲೇ ಒಂದು ಮಾತು ಹೇಳಿ, ನಾನು ಬರ್ಕೋತೀನಿ.”

ಗೋಡೆಯ ಗಡಿಯಾರದಲ್ಲಿ ನಾಲ್ಕು ಹನ್ನೆರಡು. ಇಲ್ಲಿಂದ ಮಂಡಳಿಗೆ ಆಟೋದಲ್ಲಿ ಇಪ್ಪತ್ತೈದು ನಿಮಿಷ.

“ಸಮಿತಿ ಅಧ್ಯಕ್ಷರು ಪಕ್ಕದಲ್ಲಿದ್ರೆ ಫೋನು ಅವರಿಗೆ ಕೊಡಿ ಸರ್,” ಎಂದಳು ಅವಳು. “ಅವರ ಹತ್ರ ಹೇಳ್ತೀನಿ.”

ಆ ಕಡೆ ಕುರ್ಚಿ ಹಿಂದಕ್ಕೆ ಸರಿಯಿತು. ಬಾಗಿಲು ಮುಚ್ಚಿತು. ಕೆಮ್ಮು, ಮಾತು ಎಲ್ಲ ನಿಂತು ಹೋದವು. ಮತ್ತೆ ಬಂದ ದನಿಯಲ್ಲಿ ಮೆತ್ತನೆಯದು ಏನೂ ಉಳಿದಿರಲಿಲ್ಲ.

“ಆ ಚಿತ್ರದ ಮೇಷ್ಟ್ರು ಈಗ ನಿಮ್ಮ ಜೊತೆ ಇದ್ದಾರಾ?”

ಮೇಷ್ಟ್ರ ಹೆಸರನ್ನು ಇಲ್ಲಿಯವರೆಗೆ ಅವಳು ಮಂಡಳಿಯ ಯಾವ ಕಾಗದದಲ್ಲೂ ಬರೆದಿರಲಿಲ್ಲ, ಯಾರ ಕಿವಿಗೂ ಹಾಕಿರಲಿಲ್ಲ.

ರಿಸೀವರು ಹಿಡಿದೇ ಎದುರಿನ ಬಾಗಿಲ ಕಡೆ ನೋಡಿದಳು. ಸ್ಲೈಡು ಕೋಣೆಯ ಹೊಸ್ತಿಲಲ್ಲಿ ಹುಡುಗಿ ಒಬ್ಬಳೇ ನಿಂತಿದ್ದಳು.

“ಮೇಡಂ,” ಎಂದಳು ಅವಳು. “ಸರ್ ಹಿಂದಿನ ಬಾಗಿಲಿಂದ ಹೋದ್ರು. ಬರೆದ ಹಾಳೆ ತಗೊಂಡು ಹೋದ್ರು.”